ಮಾಂಜೆ ಯಾರ ಮನಿ ಕೂಸು?

ಕಲಬುರಗಿಯ ಸೇಡಂ ರಸ್ತೆದಾಗಿನ ಒಂದು ಖಾಸಗಿ ಕಾಲೇಜಿನಾಗ ದೇವೀಂದ್ರಪ್ಪ ಮಾಸ್ತರು ಫ್ರೆಂಚ್ ಕಲಿಸ್ತಿದ್ರು. ಊರು ಕಮಲಾಪುರ, ಕೆಂಪು ಬಾಳಿ ಬೆಳಿಯೋ ಮನೆತನ. ಮುಂಜಾನಿ ಬಸ್ಸಿಗೆ ಬರೋದು, ಸಂಜಿ ಬಸ್ಸಿಗೆ ಹೋಗೋದು. "ಜ್ವಾಳದ ರೊಟ್ಟಿ ತಿನ್ನೋ ಬಾಯಾಗ ಫ್ರೆಂಚೇನೋ ಮಾರಾಯ!" ಅಂತ ಊರಾಗ ನಗೋರು ನಕ್ಕರು. ಹೈದರಾಬಾದಿನಾಗ ಓದೋ ಮುಂದ ಗೆಳ್ಯಾನ ಸಂಗಾಟ ಸುಮ್ನ ಹೋಗಿ ಕುಂತ ಕ್ಲಾಸು ಜನ್ಮಕ್ಕ ಅಂಟ್ಕೊಂಡಿತ್ತು, ಏನ್ ಮಾಡ್ತೀರಿ?

ಅವರು ಶಬ್ದ ಕಲಿಸೋ ರೀತಿನೇ ಬ್ಯಾರೆ. ಬಾಳಿ ತ್ವಾಟದಾಗ ಬೆಳೆದವರು ನೋಡ್ರಿ, "ಲ್ಯಾಟಿನ್ ಗಡ್ಡಿ ಒಂದು, ಫ್ರೆಂಚ್ ಮರಿ ಹತ್ತಾರು" ಅಂತಿದ್ರು. ಬೋರ್ಡಿನ ಮ್ಯಾಲ ಒಂದು ಮನಿ ಚಿತ್ರ ತಗದು, ಬಾಗಲ ಮ್ಯಾಲ ಹಿರಿಯನ ಹೆಸರು ಬರಿಯೋರು: ಮಾನುಸ್, ಅಂದ್ರ ಲ್ಯಾಟಿನ್ನಿನಾಗ ಕೈ. ಒಳಗ ಮಕ್ಕಳು. 'ಮ್ಯಾಂ' ಅಂದ್ರ ಕೈ, 'ಮಾಂಶ್' ಅಂದ್ರ ಅಂಗಿ ತೋಳು, 'ಮನ್ಯುಸ್ಕ್ರಿ' ಅಂದ್ರ ಕೈಬರಹ. 'ಮ್ಯಾಂತ್‌ನಾಂ' ಅಂದ್ರ ಈಗ. "ನಿನ್ನಿ ಜಾರಿ ಹೋತು, ನಾಳಿ ಸಿಕ್ಕಿಲ್ಲ. ಕೈಯಾಗ ಹಿಡಿದದ್ದು ಈಗಷ್ಟೇ" ಅಂತ ಮುಷ್ಟಿ ಕಟ್ಟಿ ತೋರಿಸೋರು.

ಕಡೀಕ 'ಮಾಂಜೆ', ಅಂದ್ರ ಉಣ್ಣೋದು. ಆ ಶಬ್ದ ಕಲಿಸೋ ದಿನ ಹೆಂಡತಿ ವಿಮಲಾಬಾಯಿ ಕಟ್ಟಿಕೊಟ್ಟ ರೊಟ್ಟಿ ಗಂಟು ಕ್ಲಾಸಿನಾಗೇ ಬಿಚ್ಚೋರು. ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಹುಡುಗರಿಗೆ ಹಂಚೋರು. "ಕೈ ಕೆಸರಾದ್ರ ಬಾಯಿ ಮೊಸರು ಅಂತ ಹಿರ್ಯಾರು ಸುಮ್ನ ಅಂದಾರೇನು? ಕೈ ಇಲ್ದ ಉಣ್ಣಾಕಾಗ್ತದೇನು? ಮಾಂಜೆನೂ ಈ ಮನಿ ಕೂಸೇ!" ಖರೇನೋ ಸುಳ್ಳೋ ಅಂತ ಮಾಸ್ತರು ಯಾವ ಪುಸ್ತಕ ತಗದೂ ನೋಡಲಿಲ್ಲ. ಚಮಚದಾಗ ಉಣ್ಣೋರಿಗೆ ಆ ಅನುಮಾನ ಬಂದೀತು, ನಮಗ್ಯಾಕ ಬರ್ತದ?

ಮಾಸ್ತರ ನಿವೃತ್ತಿ ಹತ್ರ ಬಂತು. "ಯೋಗ್ಯರು ಸಿಗದಿದ್ರ ಫ್ರೆಂಚ್ ಮುಚ್ಚಿಬಿಡೋಣ್ರಿ" ಅಂದ್ರು ಪ್ರಿನ್ಸಿಪಾಲರು. ಮಾಸ್ತರು ದಿನಾ ಆಫೀಸಿಗೆ ಹೋಗಿ ಅರ್ಜಿ ಬಂತೇನಂತ ಕೇಳಿದ್ರು. ಅರ್ಜಿ ಹಾಕಿದಾಕಿ ಒಬ್ಬಳೇ, ಅವರ ಹಳೇ ವಿದ್ಯಾರ್ಥಿನಿ, ಕಮಲಾಪುರದ ಸಾಬಮ್ಮ. ಎಂ.ಎ. ಮುಗಿಸಿ ಬಂದಿದ್ಲು. ಆಕಿ ಗೆದ್ರ ಕ್ಲಾಸು ಉಳೀತು, ಇಲ್ಲಾಂದ್ರ ತಮ್ಮ ಜೊತೀಗೇ ಮುಗೀತು.

ಸಂದರ್ಶನದಾಗ ಪಾಠ ಮಾಡಿ ತೋರಿಸಬೇಕಿತ್ತು. ಬೆಂಗಳೂರಿನಿಂದ ಫ್ರೆಂಚ್ ಬಲ್ಲ ಮೇಡಂ ಒಬ್ರು ಪರೀಕ್ಷೆ ಮಾಡಾಕ ಬಂದಿದ್ರು. ಮಾಸ್ತರು ಮೂಲ್ಯಾಗ ಕುಂತಿದ್ರು. ಸಾಬಮ್ಮ ಅದೇ ಮನಿ ತಗದಳು, ಅದೇ ಹಿರಿಯನ ಹೆಸರು ಬರೆದಳು. ಮಾಸ್ತರ ಮಾರಿ ಅರಳಿತು. ಮಕ್ಕಳೆಲ್ಲಾ ಒಳಗ ಬಂದ್ರು, ಮಾಂಜೆ ಮಾತ್ರ ಬರಲಿಲ್ಲ. ಅಯ್ಯ, ಹೆದರಿಕೀಗೆ ಮರತಾಳ ಹುಡುಗಿ!

ಮಾಸ್ತರದು ಸುಮ್ನ ಕೂಡೋ ಜೀವ ಅಲ್ಲ. "ಒಂದು ಕೂಸು ಹೊರಗ ಉಳೀತಲ್ಲವ್ವಾ! ಮಾಂಜೆ, ಮಾಂಜೆ!" ಅಂದೇಬಿಟ್ರು.

ಮೇಡಂ ಪೆನ್ನು ಕೆಳಗಿಟ್ಟು ಸಾಬಮ್ಮನ್ನ ನೋಡಿದ್ರು. "ಹೌದಾ? ಮಾಂಜೆ ಈ ಮನೆಯದಾ? ನೀವು ಹೇಳಿ."

ಸಾಬಮ್ಮ ಒಮ್ಮೆ ಮಾಸ್ತರ ಕಡೆ ನೋಡಿದಳು. ಆಕಿ ಕಣ್ಣಾಗ ನೀರಿತ್ತು. ಅದನ್ನ ಕಂಡ ಕೂಡಲೇ ಮಾಸ್ತರಿಗೆ ತಿಳೀತು, ಆಕಿ ಮರತಿಲ್ಲ, ಬೇಕಂತನ ಬಿಟ್ಟಾಳ. ತಾವೇ ತಪ್ಪ್ಯಾರ. ಹೌದಂದ್ರ ಆಕಿ ನೌಕರಿ ಹೋಗ್ತದ, ಅಲ್ಲಂದ್ರ ನಾಕು ಮಂದಿ ಮುಂದ ತನ್ನ ಗುರುವಿನ ಮಾನ ಹೋಗ್ತದ. ಮಾಸ್ತರು ಮೆಲ್ಲಗ ತಲಿ ಆಡಿಸಿದ್ರು. ಹೇಳವ್ವ, ಖರೇದ್ದು ಹೇಳು ಅಂದಂಗ.

"ಅಲ್ರೀ ಮೇಡಂ" ಅಂದ್ಲು ಸಾಬಮ್ಮ. "ಅದು ಅಗಿಯೋದು ಅನ್ನೋ ಬ್ಯಾರೆ ಲ್ಯಾಟಿನ್ ಗಡ್ಡಿಯಿಂದ ಬಂದದ. ದವಡಿಗೆ 'ಮಾಂದಿಬ್ಯುಲ್' ಅಂತಾರಲ್ರೀ, ಅದರ ಬಳಗ. ಆದ್ರ ನಮ್ಮ ಸರ್ ಅದನ್ನ ಸಾಕ್ಯಾರ್ರಿ. ಹೆತ್ತ ಮನಿ ಬ್ಯಾರೆ, ಉಂಡು ಬೆಳೆದ ಮನಿ ಇದು. ನಮ್ಮ ಕ್ಲಾಸಿನವರು ಇವತ್ತಿಗೂ ಈ ಶಬ್ದ ಮರತಿಲ್ಲ. ಅವರು ಕೊಟ್ಟ ರೊಟ್ಟಿ ಅಂಥಾದ್ರಿ."

ಮೇಡಂ ನಕ್ಕರು. ನೌಕರಿ ಸಾಬಮ್ಮಗ ಆತು.

ಸಂಜಿ ಕಮಲಾಪುರದ ಬಸ್ಸಿನಾಗ ಗುರು ಶಿಷ್ಯೆ ಒಂದೇ ಸೀಟಿನಾಗ ಕುಂತಿದ್ರು. ಎಷ್ಟು ಮಂದಿ ಹುಡುಗರಿಗೆ ಇಲ್ಲದ ಸಂಬಂಧ ಕಟ್ಟಿದೆನೋ ಶಿವನೇ ಅಂತ ಮಾಸ್ತರಿಗೆ ಒಳಗೊಳಗೇ ನಾಚಿಕಿ. ಕಡೀಕ ಕೇಳಿದ್ರು, "ಯಾವಾಗ ಗೊತ್ತಾತವ್ವಾ?"

"ಎಂ.ಎ. ಓದೋ ಮುಂದ್ರಿ."

"ನನಗ ಹೇಳಬಾರದಿತ್ತೇನು, ಹುಚ್ಚಿ?"

"ಹೇಳಿದ್ರ ನೀವು ಕ್ಲಾಸಿಗೆ ರೊಟ್ಟಿ ತರೋದು ಬಿಡ್ತಿದ್ರಿ ಸರ್."

ಮಾಸ್ತರು ಕಿಟಕಿ ಕಡೆ ಮಾರಿ ತಿರುಗಿಸಿ ಕಣ್ಣು ಒರೆಸಿಕೊಂಡ್ರು.

ಕಡೀ ಕ್ಲಾಸಿಗೆ ಅವರು ಸಾಬಮ್ಮನ್ನೂ ಕರೆದ್ರು. ಮೊದಲು ಮಾಂಜೆಯನ್ನ ಅದರ ಹೆತ್ತ ಮನಿಗೆ ಮುಟ್ಟಿಸಿದ್ರು, ತಪ್ಪು ತಮ್ಮದಂತ ಹೇಳಿದ್ರು. ಆಮ್ಯಾಲ ಹೊಸಾ ಮನಿ ತಗದ್ರು, ಈ ಸಲ ಪುಸ್ತಕ ನೋಡಿಕೊಂಡು. ಬಾಗಲ ಮ್ಯಾಲ 'ಪಾನಿಸ್', ಅಂದ್ರ ರೊಟ್ಟಿ. ಒಳಗ 'ಪ್ಯಾಂ', ಅವರ ರೊಟ್ಟಿ. 'ಪನ್ಯೆ', ರೊಟ್ಟಿ ಇಡೋ ಬುಟ್ಟಿ. 'ಕೊಪ್ಯಾಂ' ಗೆಳೆಯ, 'ಕೊಪಿನ್' ಗೆಳತಿ, ಒಂದೇ ರೊಟ್ಟಿ ಹಂಚಿಕೊಂಡು ತಿಂದವರು.

ಗಂಟು ಬಿಚ್ಚಿ ರೊಟ್ಟಿ ಮುರಿದ್ರು. ಮೊದಲನೇ ತುತ್ತು ಹಿಡ್ಕೊಂಡು ಹಿಂದಿನ ಬೆಂಚಿಗೆ ನಡೆದ್ರು.

"ತಗೋ, ಕೊಪಿನ್" ಅಂದ್ರು.

ಸಾಬಮ್ಮ ಎದ್ದು ನಿಂತು ಎರಡೂ ಕೈ ಒಡ್ಡಿದಳು.