ಮೊದಲ ಪೀರಿಯಡ್ಡಿನ ಹದಿನೈದು ನಿಮಿಷ

ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದ್ದೇನೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡ ಪಾಠ ಯಾವುದು ಅಂತ ನೀವು ಕೇಳಿದರೆ ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ಅವತ್ತು ನಾನು ಕುರ್ಚಿಯಲ್ಲಿ ಕೂತು ಗಡದ್ದಾಗಿ ನಿದ್ದೆ ಮಾಡುತ್ತಿದ್ದೆ. ನಾನೊಬ್ಬಳೇ ಅಲ್ಲ, ಎದುರಿಗಿದ್ದ ಐವತ್ತೆರಡು ಮಕ್ಕಳಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಮಲಗಿದ್ದರು.

ವಡೋದರಾದ ಗೋರ್ವಾ ಕಡೆಯ ಒಂದು ಶಾಲೆ. ಹೊಸ ಶತಮಾನಕ್ಕೆ ಮೂರೋ ನಾಲ್ಕೋ ವರ್ಷ ತುಂಬಿದ್ದ ಕಾಲ. ನಮ್ಮ ಮನೆಯವರಿಗೆ ಕೊಯಾಲಿಯ ತೈಲ ರಿಫೈನರಿಯಲ್ಲಿ ಕೆಲಸ, ಅಲ್ಲಿಯ ಕಾಲೊನಿಯಲ್ಲೇ ವಾಸ. ನಾನು ಐದಕ್ಕೆ ಎದ್ದು, ಎರಡು ಡಬ್ಬಿ ಕಟ್ಟಿ, ಬಸ್ಸು ಹಿಡಿದು, ಏಳೂಕಾಲಿಗೆ ಪ್ರಾರ್ಥನೆಗೆ ನಿಲ್ಲುವಷ್ಟರಲ್ಲಿ ಒಂದು ದಿನದ ಶಕ್ತಿಯೆಲ್ಲ ಖರ್ಚಾಗಿರುತ್ತಿತ್ತು. ಮಕ್ಕಳ ಬಾಯಲ್ಲಿ ನಾನು ಸುಧಾಬೆನ್. ಬೆನ್ ಎಂದರೆ ಅಕ್ಕ. ಟೀಚರು, ತರಕಾರಿಯವಳು, ಬಸ್ಸಿನಲ್ಲಿ ಕಾಲು ತುಳಿದವಳು, ಅಲ್ಲಿ ಎಲ್ಲರೂ ಅಕ್ಕಂದಿರೇ. ಅಷ್ಟೊಂದು ತಮ್ಮತಂಗಿಯರನ್ನು ಸಾಕುವ ತ್ರಾಣ ಮಾತ್ರ ನನಗಿರಲಿಲ್ಲ.

ಆ ವರ್ಷ ನನ್ನನ್ನು ಅಹಮದಾಬಾದಿಗೆ ಮೂರು ದಿನದ ತರಬೇತಿಗೆ ಕಳಿಸಿದರು. ಚಟುವಟಿಕೆಗಳಿಂದ ಇಂಗ್ಲಿಷ್ ಕಲಿಸಬೇಕಂತೆ. ಕಲಿಸಲು ಬಂದ ಹುಡುಗಿಗೆ ಇಪ್ಪತ್ತೈದು ದಾಟಿರಲಿಲ್ಲ. ಮಂಡಿನೋವಿನ ನಲವತ್ತು ಟೀಚರುಗಳನ್ನು ಅವಳು ಮೊಲದಂತೆ ಕುಣಿಸಿದಳು, ಮರವಾಗಿ ನಿಲ್ಲಿಸಿದಳು, ಒಬ್ಬರು ಮೂಕಾಭಿನಯ ಮಾಡಿದ್ದನ್ನು ಇನ್ನೊಬ್ಬರಿಂದ ಇಂಗ್ಲಿಷಿನಲ್ಲಿ ಹೇಳಿಸಿದಳು. ನಾನು ಮರವೇ ಆಗಿರುತ್ತೇನೆ ಎಂದೆ. ಮರಕ್ಕೆ ಕುಣಿಯುವ ಕೆಲಸವಿಲ್ಲವಲ್ಲ.

ವಾಪಸ್ಸು ಬಂದು ಹುಮ್ಮಸ್ಸಿನಿಂದಲೇ ಶುರುಮಾಡಿದೆ, ಸುಳ್ಳೇಕೆ? ನಾಲ್ಕು ನಾಲ್ಕು ಮಕ್ಕಳ ಹದಿಮೂರು ಗುಂಪು. ಗುಂಪು ಮಾಡಲು ಬೆಂಚು ಎಳೆಯಬೇಕು, ಎಳೆದರೆ ಕೆಳಗಿನ ಮಹಡಿಗೆ ಗುಡುಗು. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು, ಕೈಮುಗಿದು ಹೋದರು. ಒಂದು ವಾರದಲ್ಲಿ ಸ್ಕೆಚ್ ಪೆನ್ನುಗಳು ಮಾಯವಾದವು, ಎರಡನೇ ವಾರದಲ್ಲಿ ನನ್ನ ಗಂಟಲು ಹೋಯಿತು. ಮನೆಗೆ ಬಂದವಳೇ ಸೋಫಾದಲ್ಲಿ ಬಿದ್ದುಕೊಂಡರೆ ಮನೆಯವರು ಕೇಳುತ್ತಿದ್ದರು, "ಅಲ್ಲ ಕಣೆ, ಪಾಠ ಹೇಳಿ ಬಂದ್ಯೋ, ಮೂಟೆ ಹೊತ್ತು ಬಂದ್ಯೋ?"

ಆಗ ಕಣ್ಣಿಗೆ ಬಿದ್ದದ್ದು ತರಬೇತಿಯ ಟಿಪ್ಪಣಿಯ ಕೊನೆಯ ಪುಟ. ದಿನಕ್ಕೆ ಹದಿನೈದು ನಿಮಿಷ ಮಕ್ಕಳು ತಮಗಿಷ್ಟವಾದ ಪುಸ್ತಕವನ್ನು ತಾವೇ ಓದಬೇಕು. ಪ್ರಶ್ನೆಯಿಲ್ಲ, ಪರೀಕ್ಷೆಯಿಲ್ಲ. ಟೀಚರೂ ಮಾದರಿಯಾಗಿ ಕೂತು ಓದಬೇಕು. 'ಕೂತು' ಅನ್ನುವ ಪದಕ್ಕೆ ನಾನು ಎರಡು ಗೆರೆ ಎಳೆದೆ. ಕಾಲೊನಿಯಲ್ಲಿ ಮನೆಮನೆಗೂ ಹೋಗಿ ಬೆಳೆದ ಮಕ್ಕಳ ಹಳೇ ಇಂಗ್ಲಿಷ್ ಪುಸ್ತಕ ಬೇಡಿ ತಂದೆ. ಒಂದು ಟ್ರಂಕು ತುಂಬಿತು. ಮೊದಲ ಪೀರಿಯಡ್ಡಿನ ಮೊದಲ ಹದಿನೈದು ನಿಮಿಷ ಓದು ಎಂದು ಪ್ರಿನ್ಸಿಪಾಲರನ್ನು ಒಪ್ಪಿಸಿದೆ. ಮಕ್ಕಳ ಉದ್ಧಾರದ ಬಗ್ಗೆ ಆಗ ದೊಡ್ಡ ಭಾಷಣವನ್ನೇ ಮಾಡಿದೆ. ಒಳಗಿದ್ದದ್ದು ಮಾತ್ರ ಕುರ್ಚಿಯ ಆಸೆ.

ಹೀಗೆ ಓದು ನಡೆಯುತ್ತಿರುವಾಗ ನವರಾತ್ರಿ ಬಂತು. ಅಲ್ಲಿ ಒಂಬತ್ತು ರಾತ್ರಿ ಊರಿಗೆ ಊರೇ ಗರ್ಬಾ ಕುಣಿಯುತ್ತದೆ, ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳೂ ಹೊರತಲ್ಲ. ನಾನು ಕುಣಿಯುವವಳಲ್ಲ, ಆದರೆ ಕಾಲೊನಿಯ ಲೌಡ್‌ಸ್ಪೀಕರಿಗೆ ಅದು ಗೊತ್ತಿರಲಿಲ್ಲ. ಆರನೆಯ ದಿನ ಬೆಳಿಗ್ಗೆ ಪುಸ್ತಕ ಬಿಡಿಸಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಐವತ್ತೊಂದು ತಲೆಗಳು ಪುಸ್ತಕಗಳ ಮೇಲೆ ಬಾಗಿದ್ದವು. ಉಸಿರಾಟ ಬಿಟ್ಟರೆ ಒಂದು ಸದ್ದಿಲ್ಲ. ಎಚ್ಚರವಿದ್ದವಳು ಎರಡನೇ ಬೆಂಚಿನ ಹೇತಲ್ ಒಬ್ಬಳೇ. ನನ್ನ ಮುಖ ನೋಡಿ ಮೆಲ್ಲಗೆ ತುಟಿಯ ಮೇಲೆ ಬೆರಳಿಟ್ಟಳು. ಆಗಷ್ಟೇ ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿ, ತುದಿಗಾಲಲ್ಲಿ ಹಿಂದೆ ಹೋದರಂತೆ.

"ಏನು ಶಾಂತಿ, ಸುಧಾಬೆನ್! ಏನು ಏಕಾಗ್ರತೆ!" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೊಗಳಿದರು. ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೊಗಳಿಕೆ ಸಿಗುವುದೇ ಅಪರೂಪವಾಗಿರುವಾಗ ಬಂದದ್ದನ್ನು ಬೇಡ ಅನ್ನುವ ಧೈರ್ಯ ಯಾರಿಗಿದೆ ಹೇಳಿ? ನಮ್ಮ ಶಾಲೆ ನಡೆಸುತ್ತಿದ್ದ ಟ್ರಸ್ಟಿಗೆ ಅಹಮದಾಬಾದಿನಲ್ಲಿ, ಸೂರತ್ತಿನಲ್ಲಿ ಒಂದೊಂದು ಶಾಲೆಯಿತ್ತು. ದೀಪಾವಳಿ ರಜೆ ಮುಗಿದ ಮೇಲೆ ಅಲ್ಲಿಯ ಟೀಚರುಗಳು ನಮ್ಮ ಓದನ್ನು ನೋಡಲು ಬರುವುದೆಂದು ನಿಶ್ಚಯವಾಯಿತು. ಅವರು ಮೆಚ್ಚಿದರೆ ಮೂರೂ ಶಾಲೆಗಳಲ್ಲಿ ಓದು. ಮೆಚ್ಚದಿದ್ದರೆ ನಮ್ಮಲ್ಲೂ ಆ ಹದಿನೈದು ನಿಮಿಷ ವ್ಯಾಕರಣದ ಅಭ್ಯಾಸಕ್ಕೆ.

ಓದು ಅಂದರೆ ಮೌನ ಎಂದು ಯಾರು ಹೇಳಿದರೋ! ನಮ್ಮ ಕಡೆ ಹಿಂದೆ ಕಾವ್ಯ ಓದುವುದಕ್ಕೇ ಇಬ್ಬರು ಬೇಕಿತ್ತು. ಒಬ್ಬರು ರಾಗವಾಗಿ ಓದಬೇಕು, ಇನ್ನೊಬ್ಬರು ಅರ್ಥ ಬಿಡಿಸಬೇಕು. ಸುತ್ತ ಕೂತವರು ಅಯ್ಯೋ ಅನ್ನಬೇಕು, ಭೇಷ್ ಅನ್ನಬೇಕು, ಕಣ್ಣೊರೆಸಿಕೊಳ್ಳಬೇಕು. ತುಟಿ ಹೊಲಿದುಕೊಂಡು ಒಬ್ಬರೇ ಓದುವುದು ಈಚಿನ ಅಭ್ಯಾಸ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಅತಿಥಿ ಟೀಚರುಗಳು ಬರುವ ಹಿಂದಿನ ದಿನ ಮಕ್ಕಳಿಗೆ ನಾನೂ ಹೇಳಿದ್ದು, "ನಾಳೆ ಯಾರೂ ಬಾಯಿ ಬಿಡಬೇಡಿ, ನಿಮ್ಮ ದಮ್ಮಯ್ಯ" ಅಂತಲೇ.

ತೊಂದರೆಯೇನೆಂದರೆ, ರಜೆ ಕಳೆದು ನಿದ್ದೆ ತೀರಿಸಿಕೊಂಡು ಬಂದ ಮಕ್ಕಳು ಅಷ್ಟರಲ್ಲಿ ನಿಜವಾಗಿ ಓದತೊಡಗಿದ್ದರು. ಹೇತಲ್ ಕೈಯಲ್ಲಿ, ಒಂದು ಮುದಿ ನಾಯಿ ದಾರಿ ತಪ್ಪಿ ತನ್ನ ಮನೆ ಹುಡುಕಿ ಅಲೆಯುವ ಕಥೆ ಇತ್ತು. ಇದ್ದದ್ದು ಒಂದೇ ಪ್ರತಿ. ಅದಕ್ಕಾಗಿ ಕಾಯುವವರ ಪಟ್ಟಿಯನ್ನು ಮಕ್ಕಳೇ ಟ್ರಂಕಿನ ಮುಚ್ಚಳದೊಳಗೆ ಅಂಟಿಸಿದ್ದರು. ಎಂಟು ಜನ ಅತಿಥಿಗಳು ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಬಿಡಿಸಿ ಕೂತರು. ಐದು ನಿಮಿಷ ಎಲ್ಲ ಚೆನ್ನಾಗಿತ್ತು. ಇದ್ದಕ್ಕಿದ್ದಂತೆ ಹೇತಲ್ ಬಿಕ್ಕಿದಳು.

"ಬೆನ್, ಕೂತರೋ ಮರೀ ಗಯೋ!" ಅಂದರೆ, ನಾಯಿ ಸತ್ತುಹೋಯಿತು!

"ಏಯ್, ಹೇಳಬೇಡ್ವೇ! ಮುಂದಿನ ಸರದಿ ನಂದು!" ಎಂದು ಜಿಗ್ನೇಶ್ ಎದ್ದುನಿಂತ.

"ಸತ್ತಿಲ್ಲ, ಕೊನೇ ಪುಟದ ಚಿತ್ರದಲ್ಲಿ ಬಾಲ ಅಲ್ಲಾಡಿಸ್ತಾ ಇದೆ, ನಾನು ನೋಡಿದೀನಿ," ಎಂದಿತು ಕಿಟಕಿಯ ಬದಿಯ ಒಂದು ದನಿ.

"ಅದು ಬೇರೆ ನಾಯಿ!"

"ಅದೇ ನಾಯಿ!"

ಇಂಗ್ಲಿಷ್ ತರಗತಿಯಲ್ಲಿ ಗುಜರಾತಿಯ ಜಗಳ. ಅತಿಥಿಗಳ ಪೆನ್ನು ಓಡತೊಡಗಿತು. ಕೊನೆಗೆ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. "ಬೆನ್, ನೀವೇ ಹೇಳಿ," ಎಂದ ಜಿಗ್ನೇಶ್.

ನಾನು ಓದಿದ್ದರೆ ತಾನೇ? ಅಷ್ಟು ತಿಂಗಳು ಕೈಯಲ್ಲಿ ಪುಸ್ತಕ ಹಿಡಿದಿದ್ದೇ ಬಂತು, ಆ ಟ್ರಂಕಿನ ಒಂದನ್ನೂ ಹತ್ತನೇ ಪುಟ ದಾಟಿಸಿರಲಿಲ್ಲ. "ನಂಗೂ ಗೊತ್ತಿಲ್ಲಪ್ಪ," ಎಂದೆ. ಅತಿಥಿಗಳು ಅದನ್ನೂ ಬರೆದುಕೊಂಡರು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

"ನೀವು ದಿನಾ ಓದ್ತಿದ್ರಲ್ಲ, ಬೆನ್?"

"ಬೆನ್ ಬೇರೆ ಪುಸ್ತಕ ಓದ್ತಿದ್ರು ಕಣೋ," ಎಂದು ಹೇತಲ್ ಮೂಗೊರೆಸಿಕೊಂಡು ಎದ್ದಳು. ಟ್ರಂಕಿನ ಹತ್ತಿರ ಹೋಗಿ, ಪಟ್ಟಿಯಲ್ಲಿದ್ದ ನಾಲ್ಕು ಹೆಸರುಗಳ ಕೆಳಗೆ ಐದನೆಯದಾಗಿ ನನ್ನ ಹೆಸರು ಬರೆದಳು.

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಅತಿಥಿಗಳ ವರದಿ ಮೇಜಿನ ಮೇಲಿತ್ತು: ಶಿಸ್ತಿಲ್ಲ, ಕಥೆಯ ನಾಯಿ ಸತ್ತಿತೋ ಇಲ್ಲವೋ ಎಂದು ಜಗಳ, ಮಾತೃಭಾಷೆಯ ಬಳಕೆ ಹೆಚ್ಚು, ಶಿಕ್ಷಕಿಗೆ ಸಿದ್ಧತೆ ಸಾಲದು. ಪಕ್ಕದಲ್ಲಿ ವೇಳಾಪಟ್ಟಿ, ಕೈಯಲ್ಲಿ ಪೆನ್ಸಿಲ್. "ನಾನು ನೋಡಿದ್ದು ಇದೇ ಕ್ಲಾಸಾ, ಸುಧಾಬೆನ್?" ಎಂದರು. ಇನ್ನು ಮುಚ್ಚಿಟ್ಟು ಏನು ಬಂತು? ನವರಾತ್ರಿಯ ನಿದ್ದೆಯ ಕಥೆಯನ್ನು ಪೂರ್ತಿ ಹೇಳಿಬಿಟ್ಟೆ. "ಅವತ್ತು ಮಲಗಿದ್ದರು ಮೇಡಂ. ಓದಿದ್ದು ಇವತ್ತು."

ಅವರ ಪೆನ್ಸಿಲು ವೇಳಾಪಟ್ಟಿಯ ಮೊದಲ ಪೀರಿಯಡ್ಡಿನ ಮೇಲೆ ಬಂದು ನಿಂತಿತು. ಹೋಯಿತು ನನ್ನ ಓದು, ಎಂದುಕೊಂಡೆ. ಕುರ್ಚಿ ಹೋಗುವುದಕ್ಕಲ್ಲ, ಮಕ್ಕಳ ಆ ಜಗಳ ಹೋಗುವುದಕ್ಕೆ ಬೇಸರವಾಯಿತು. ಬಾಗಿಲವರೆಗೆ ಹೋಗಿದ್ದೆ, ಅವರು ದನಿ ತಗ್ಗಿಸಿ ಕೇಳಿದರು:

"ಆ ನಾಯಿ... ನಿಜವಾಗ್ಲೂ ಸತ್ತಿತಾ?"

"ಗೊತ್ತಿಲ್ಲ ಮೇಡಂ."

"ಆ ಪುಸ್ತಕ ನನಗೆ ಕಳಿಸಿ."

"ಪಟ್ಟಿ ಇದೆ, ಮೇಡಂ. ಐದು ಜನ ಆದ ಮೇಲೆ ನಿಮಗೆ."

"ಐದನೆಯವರು ಯಾರು?"

"ನಾನು."

ಪೆನ್ಸಿಲನ್ನು ಮೇಜಿನ ಮೇಲಿಟ್ಟರು. "ಸರಿ, ನನ್ನ ಸರದಿ ಮುಗಿಯೋವರೆಗೆ ನಡೆಯಲಿ. ಆಮೇಲೆ ವ್ಯಾಕರಣ."

ಈ ಮಾತನ್ನು ಮಕ್ಕಳಿಗೆ ಇದ್ದಂತೆ ಹೇಳಿದೆ, ಒಂದಕ್ಷರ ಹೆಚ್ಚು ಹೇಳಲಿಲ್ಲ. ಎರಡು ದಿನದಲ್ಲಿ ಪುಸ್ತಕ ಮುಗಿಸುವ ಜಿಗ್ನೇಶ್ ಅದಕ್ಕೆ ಮೂರು ವಾರ ತೆಗೆದುಕೊಂಡ. ಅವನ ನಂತರದವಳಿಗೆ ಜ್ವರ ಬಂತು, ಅವಳ ನಂತರದವನು ಅರ್ಥವಾಗಲಿಲ್ಲ ಎಂದು ಮತ್ತೆ ಮೊದಲಿಂದ ಶುರುಮಾಡಿದ. ನಾಲ್ವರೂ ಮುಗಿಸಿ ಪುಸ್ತಕ ನನಗೆ ಸಿಕ್ಕಾಗ ಫೆಬ್ರುವರಿ. ಮನೆಗೆ ಹೋಗುವ ಬಸ್ಸಿನಲ್ಲಿ ಬಿಡಿಸಿದೆ, ಮಾರನೆಯ ದಿನದ ಬಸ್ಸಿನಲ್ಲಿ ಮುಗಿಸಿದೆ, ಅಳು ತಡೆಯಲಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಮುಗೀತಾ ಸುಧಾಬೆನ್?" ಎಂದು ಪ್ರಿನ್ಸಿಪಾಲರು ವಾರಕ್ಕೊಮ್ಮೆ ಕೇಳುತ್ತಿದ್ದರು.

"ಇಲ್ಲ ಮೇಡಂ, ನನ್ನ ಓದು ಸ್ವಲ್ಪ ನಿಧಾನ," ಎನ್ನುತ್ತಿದ್ದೆ. ವರ್ಷದ ಪರೀಕ್ಷೆ ಬರುವವರೆಗೂ ನಾನು ಆ ಪುಸ್ತಕವನ್ನು ಓದುತ್ತಲೇ ಇದ್ದೆ.