ಗೊಂಬೆಯ ಹಣೆಗೆ ವಿಭೂತಿ

“ಅಡ್ಡ ನಿಂತ್ಕಬ್ಯಾಡ್ರಿ, ಅವ್ವನ ಮುಖ ಕಾಣಲ್ಲ!” ಎಂದು ನಾಲ್ಕು ವರ್ಷದ ಸಿಂಚನ ಉಳಿದ ಮಕ್ಕಳನ್ನು ಗದರಿದಳು.

ಸವಳಂಗದ ಹತ್ತಿರ ನಾನು ಟೀಚರ್ ಆಗಿರುವ ಅಂಗನವಾಡಿಯಲ್ಲಿ ಅದು ಆಟದ ಹೊತ್ತು. ಅವಳು ಬಟ್ಟೆಗೊಂಬೆಯೊಂದನ್ನು ಗೋಡೆಗೆ ಒರಗಿಸಿ ಕೂರಿಸಿದ್ದಳು. ಅದರ ಹಣೆಗೆ ಚಾಕ್‌ಪೀಸ್ ಪುಡಿಯ ವಿಭೂತಿ, ಕೊರಳಿಗೆ ಅಂಗಳದ ಕಣಗಿಲೆ ಹೂವು. ನಮ್ಮಲ್ಲಿ ತೀರಿಹೋದವರನ್ನು ಮಣ್ಣಿಗೆ ಒಯ್ಯುವ ಮುನ್ನ ಹೀಗೆಯೇ ಕೂರಿಸುತ್ತಾರೆ. ಸಿಂಚನಳ ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ.

ಅವಳನ್ನು ಕರೆದೊಯ್ಯಲು ಬಂದ ಅಜ್ಜಿ ಬಾಗಿಲಲ್ಲೇ ನಿಂತು ಕೂಗಿದರು: “ಇದೆಂಥಾ ಅನಿಷ್ಟದ ಆಟನೇ! ಟೀಚರ್ರೇ, ಅಆಇಈ ಕಲ್ಸೋದು ಬಿಟ್ಟು ಇದನ್ನ ನೋಡ್ತಾ ಕುಂತೀರಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಸಿಂಚನ ಹೇಳಿದಳು: “ಅಜ್ಜಿ, ನೀನು ಆವತ್ತು ನನ್ನ ಪಕ್ಕದ್ಮನೆಗೆ ಕಳ್ಸಿದ್ದೆ. ಕಿಟಕೀಲಿ ನೋಡಿದ್ರೆ ಬರೀ ಜನಾನೇ ಅಡ್ಡ ಇದ್ರು.”

ಮಗು ಹೆದರಬಾರದೆಂದು ಮನೆಯವರು ಹಾಗೆ ಮಾಡಿದ್ದರು. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಗೊಂಬೆಯ ಮುಂದೆ ಕುಳಿತು, ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, “ನೋಡವ್ವಾ, ಸರಿಯಾಗಿ ನೋಡ್ಕೊ” ಎಂದರು.

ಮಕ್ಕಳು ಆಟದಲ್ಲೇ ಕಲಿಯುತ್ತಾರೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಣ್ಣ, ಎಣಿಕೆ, ಅಕ್ಷರದ ಮಾತು ಅದು ಎಂದುಕೊಂಡಿದ್ದೆ. ಮನೆಗೆ ಹೊರಡುವ ಮುನ್ನ ಆಟಿಕೆಗಳನ್ನೆಲ್ಲ ಬುಟ್ಟಿಗೆ ಹಾಕಿದೆ. ಆ ಗೊಂಬೆಯನ್ನು ಎತ್ತಲು ಮಾತ್ರ ಕೈ ಬರಲಿಲ್ಲ.