ಸಂತೆಯ ದಿನ ಬರೆದ ವರದಿ

ಊರುಗಳ ಅಭಿವೃದ್ಧಿಗೆಂದು ಸರ್ಕಾರ ಕೊಟ್ಟ ಹಣ ಕೆಲಸಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡಿ ಬರೆಯುವುದು ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ನೌಕರಿಯಾಗಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನನ್ನ ಪಾಲಿಗೆ ಬಂದಿದ್ದ ಊರುಗಳು. ಈಗ ಹೇಳುತ್ತಿರುವುದು ಇವುಗಳಲ್ಲಿ ಯಾವ ಊರಿನ ಸಂಗತಿಯೆಂದು ಮಾತ್ರ ಹೇಳುವುದಿಲ್ಲ. ತಪ್ಪು ಊರಿನದಲ್ಲ, ನನ್ನದು.

ಆ ಊರಿನ ಬಸ್ ನಿಲ್ದಾಣದ ಎದುರು, ಬೇವಿನ ಮರದ ಕೆಳಗೆ, ಏಳೆಂಟು ಹೆಂಗಸರು ದಿನವೂ ಕಾಯಿಪಲ್ಲೆ ಮಾರುತ್ತಿದ್ದರು. ಅನುದಾನದ ಹಣದಲ್ಲಿ ಅವರಿಗೆಂದೇ ಎರಡು ಓಣಿ ಹಿಂದೆ ಹೊಸ ಮಾರುಕಟ್ಟೆ ಎದ್ದಿತ್ತು: ತಗಡಿನ ಮಾಡು, ಸಾಲು ಕಟ್ಟೆ, ನಳ. ಅದು ಬಳಕೆಯಲ್ಲಿದೆ ಎಂದು ನಾನು ಬರೆದರೆ ಎರಡನೇ ಕಂತು ಬರುತ್ತಿತ್ತು. ಆ ಕಂತಿನಲ್ಲಿ ಮರದ ಕೆಳಗಿನವರನ್ನು ಎಬ್ಬಿಸಿ, ನಿಲ್ದಾಣದ ಎದುರು ಕಲ್ಲು ಹಾಸಿ ಚೆಂದ ಮಾಡುವ ಯೋಜನೆ.

ನಾನು ಸಂತೆಯ ದಿನ ಹೋದೆ. ಜನ ಸೇರಿದಾಗಲೇ ನಿಜ ತಿಳಿಯುತ್ತದೆ ಎಂಬ ಜಾಣತನ. ಎಣ್ಣೆಗಾಯಿಗೆ ಎಳೆ ಬದನೆ, ಅಲ್ಲಿಯವರ ಮಾತಿನ ಮುಳಗಾಯಿ, ಒಯ್ಯುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಹೊಸ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ಕೆಳಗೆ ನನಗೆ ಯಾವಾಗಲೂ ಕಾಯಿಪಲ್ಲೆ ಕೊಡುತ್ತಿದ್ದವಳು ಇಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದಳು.

“ಇಲ್ಲೆ ವ್ಯಾಪಾರ ಹೆಂಗೈತಿ, ಅವ್ವಾ?” ಎಂದೆ.

“ಇವತ್ತ ಭಾಳ ಜೋರ ಐತ್ರಿ ಸಾಹೇಬ್ರ,” ಎಂದು ಚೀಲಕ್ಕೆ ಒಂದು ಹಿಡಿ ಹೆಚ್ಚಿಗೆ ಹಾಕಿದಳು.

‘ಪೂರ್ಣ ಬಳಕೆಯಲ್ಲಿದೆ’ ಎಂದು ಬರೆದು ಸಹಿ ಹಾಕಿದೆ. ಸಂತೆಯ ದಿನ ಹಳ್ಳಿಯವರು ನಸುಕಿನಲ್ಲೇ ಬಂದು ನಿಲ್ದಾಣದ ಎದುರಿನ ಜಾಗವನ್ನೆಲ್ಲ ಹಿಡಿಯುತ್ತಾರೆ, ಆ ಒಂದು ದಿನ ಮಾತ್ರ ಊರಿನ ಹೆಂಗಸರು ಅವರಿಗೆ ಜಾಗ ಬಿಟ್ಟು ಹಿಂದಿನ ಓಣಿಗೆ, ಈಗ ಹೊಸ ಮಾರುಕಟ್ಟೆಗೆ, ಸರಿಯುತ್ತಾರೆ. ಇದು ಅಲ್ಲಿನ ಮಕ್ಕಳಿಗೂ ಗೊತ್ತಿದ್ದ ರೂಢಿ. ನಾನು ಯಾರನ್ನೂ ಕೇಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಮುಂದಿನ ವರ್ಷ ಬೇರೆ ಕೆಲಸಕ್ಕೆಂದು ಹೋದೆ, ಸಂತೆಯಿಲ್ಲದ ದಿನ. ನಿಲ್ದಾಣದ ಎದುರು ಕಲ್ಲುಹಾಸು ಥಳಥಳಿಸುತ್ತಿತ್ತು. ಬೇವಿನ ಮರದ ಸುತ್ತ ಕಬ್ಬಿಣದ ಬೇಲಿ. ಮಾರುಕಟ್ಟೆಗೆ ನಡೆದೆ. ಅಷ್ಟುದ್ದದ ಕಟ್ಟೆಗಳ ನಡುವೆ ಅವಳೊಬ್ಬಳೇ ಕುಳಿತು ಕೊತ್ತಂಬರಿಗೆ ನೀರು ಚಿಮುಕಿಸುತ್ತಿದ್ದಳು.

“ಉಳಿದವರೆಲ್ಲಿ?” ಎಂದೆ.

“ಕೂಲಿಗೆ ಹೊಕ್ಕಾರ್ರಿ. ಬಸ್ ಇಳದವರು ಇಲ್ಲಿತನಾ ಯಾಕ ಬರತಾರ? ಯಾರೋ ಬರದ ಕೊಟ್ಟಾರಂತ, ಇಲ್ಲೆ ವ್ಯಾಪಾರ ಜೋರ ಐತಿ ಅಂತ. ಅವರ ಕಣ್ಣಿಗೆ ಏನಾಗಿತ್ತೋ!”

ಬರೆದವನು ನಾನೇ ಎಂದು ಹೇಳಬೇಕಿತ್ತು. ನಾಚಿಕೆಗೆ, ಬೇಡದಿದ್ದರೂ ಎರಡು ಕಿಲೋ ಮುಳಗಾಯಿ ಕೇಳಿದೆ. ಅವಳು ತೂಗಿ, ಎಂದಿನಂತೆ ಒಂದು ಹಿಡಿ ಹೆಚ್ಚಿಗೆ ಹಾಕಿ, ನಾನು ಕೊಟ್ಟ ನೋಟನ್ನು ಕಣ್ಣಿಗೆ ಒತ್ತಿಕೊಂಡಳು.

“ಬೋಣಿ ನಿಮ್ಮ ಕೈಲೇ ಆತ್ರಿ ಸಾಹೇಬ್ರ,” ಎಂದಳು.

ಆಗ ಸಂಜೆ ನಾಲ್ಕು ಗಂಟೆಯಾಗಿತ್ತು.